ಗಾರೆಯಿಲ್ಲದ ಕಮಾನು

ಜಗಳೂರು ಸಂತೆಯಲ್ಲಿ ಕುರಿ ಮಾರುವ ಜಾಗ ಮುಗಿದು ಕಂಬಳಿ ಸಾಲು ಶುರುವಾಗುವಲ್ಲಿ ಒಂದು ಬೇವಿನ ಮರವಿತ್ತು. ಅದರ ನೆರಳಿನಲ್ಲಿ ಜಂಪಣ್ಣ ಮುಕ್ಕಾಲಿಯ ಮೇಲೆ ತನ್ನ ಪಟದ ಪೆಟ್ಟಿಗೆ ಇಟ್ಟುಕೊಂಡು ನಿಲ್ಲುತ್ತಿದ್ದ. ಪೆಟ್ಟಿಗೆಗೆ ಎರಡು ಗಾಜಿನ ಕಣ್ಣು, ಒಳಗೆ ಹನ್ನೆರಡು ಪಟ. ಮೂರು ಕಾಸು ಕೊಟ್ಟವರು ಗಾಜಿಗೆ ಕಣ್ಣು ಹಚ್ಚಿದರೆ ಜಂಪಣ್ಣ ಪಕ್ಕದ ಹಿಡಿ ತಿರುಗಿಸುತ್ತ ಒಂದೊಂದೇ ಪಟದ ಕತೆ ಹೇಳುತ್ತಿದ್ದ.

“ನೋಡ್ರಿ, ಸ್ಪೇನ್ ದೇಶ! ಗ್ರನಾಡದ ಕೆಂಪು ಅರಮನೆ ನೋಡ್ರಿ, ನಮ್ಮ ದುರ್ಗದ ಕೋಟೆಯಂಗೆ ಗುಡ್ಡದ ಮ್ಯಾಗೈತೆ. ಒಳಗೆ ಹನ್ನೆರಡು ಕಲ್ಲಿನ ಸಿಂಹ, ಎಲ್ಲದರ ಬಾಯಾಗೂ ನೀರು! ಹಿಂದೆ ಬೆಳ್ಳಗೆ ಕಾಣೋದು ಮೋಡ ಅಲ್ಲಪ್ಪ, ಮಂಜಿನ ಬೆಟ್ಟ. ಇದು ಕಾರ್ಡೊಬದ ಮಸೀದಿ, ಕಂಬ ಎಣಿಸಾಕೆ ಕುಂತ್ರೆ ಸಂತೆ ಮುಗೀತೈತೆ. ಇದು ಸೆವಿಲ್ ಗೋಪುರ, ಕುದುರೆ ಏರ್ಕಂಡೇ ತುದೀತನಕ ಹೋಗಬೌದು. ಇದು ರೋಂಡದ ಸೇತುವೆ, ಕೆಳಗೆ ಪಾತಾಳದಂಥ ಕೊರಕಲು, ಬಸುರಿಯರು ನೋಡಬ್ಯಾಡ್ರಿ!”

ಕೊನೆಯ ಪಟ ಸೆಗೋವಿಯ ಎಂಬ ಊರಿನದು. ಆಳೆತ್ತರಕ್ಕೆ ಹತ್ತು ಪಟ್ಟು ಮೇಲೆ, ಕಮಾನಿನ ಮೇಲೆ ಕಮಾನು ನಿಂತು, ಬೆಟ್ಟದ ನೀರನ್ನು ಊರಿಗೆ ತರುವ ಕಲ್ಲುಕಾಲುವೆ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಎರಡು ಮೈಲಿ ನಡೆಯುವ ಜಗಳೂರು ಸೀಮೆಯ ಹೆಂಗಸರು ಆ ಪಟ ಬಂದರೆ ಗಾಜಿನಿಂದ ಕಣ್ಣು ತೆಗೆಯುತ್ತಲೇ ಇರಲಿಲ್ಲ. “ಒಂದು ಹಿಡಿ ಗಾರೆ ಹಾಕಿಲ್ಲ ತಾಯಿ. ಕಲ್ಲಿನ ಮ್ಯಾಲೆ ಕಲ್ಲು, ಅಷ್ಟೇಯ. ಸಾವಿರಾರು ವರ್ಷದಿಂದ ನಿಂತೈತೆ. ಕಣ್ಣಾರೆ ಕಂಡು ಬಂದೀನಿ” ಎಂದು ಜಂಪಣ್ಣ ಪೆಟ್ಟಿಗೆಗೆ ಪರದೆ ಎಳೆಯುತ್ತಿದ್ದ.

೧೯೩೫ರ ಬೇಸಿಗೆಯ ಒಂದು ಸಂತೆಯಲ್ಲಿ ಕಲ್ಲುಕೆಲಸದ ಕಲ್ಲೇಶಪ್ಪ ಮೂರು ಕಾಸು ಕೊಟ್ಟು ಪಟ ನೋಡಿದ. ಸುತ್ತಲಿನ ಬಾವಿಗಳಿಗೆ ಕಲ್ಲು ಕಟ್ಟಿದವನು, ದುರ್ಗದ ರಸ್ತೆಯ ಮೋರಿಗಳಿಗೆ ಕಮಾನು ಎಬ್ಬಿಸಿದವನು ಅವನೇ. ಕೊನೆಯ ಪಟ ಮುಗಿದ ಮೇಲೆ ಅವನು ತಲೆ ಎತ್ತಿ ಕೇಳಿದ.

“ಗಾರೆ ಇಲ್ದೆ ಕಮಾನು ನಿಂತೈತಾ?”

“ನಿಂತೈತೆ.”

“ಹೆಂಗೆ? ನಿಮ್ಮಪ್ಪ ಕೆಳಗೆ ಹೆಗಲು ಕೊಟ್ಟಾನೇನು?”

ಜನ ಗೊಳ್ಳೆಂದು ನಕ್ಕರು. ಜಂಪಣ್ಣನಿಗೆ ಕಿವಿ ಬಿಸಿಯಾಯಿತು. “ಆ ಕಲ್ಲಿನ ಸಂದಿಗೆ ನಾನೇ ಬೆರಳು ಇಟ್ಟು ನೋಡೀನಿ ಕಲ್ಲೇಶಪ್ಪ! ಮೋರಿ ಕಟ್ಟೋನಿಗೆ ಇದೆಲ್ಲ ಎಲ್ಲಿ ತಿಳೀತೈತೆ?”

ಆಡಬಾರದ ಮಾತು ಆಡಿಬಿಟ್ಟಿದ್ದ. ಕಲ್ಲೇಶಪ್ಪನ ನಗು ನಿಂತಿತು. “ಹಂಗಾರೆ ಭಂಡಾರ ಮುಟ್ಟಿ ಹೇಳು. ಉಚ್ಚಂಗೆಮ್ಮನ ಮುಂದೆ ಹೇಳು.”

ಕುರಿ ವ್ಯಾಪಾರಕ್ಕೆ ಬಂದಿದ್ದ, ಜಂಪಣ್ಣನ ಹಟ್ಟಿಯ ಯಜಮಾನ ಬೈಲಪ್ಪ ಅಲ್ಲೇ ಇದ್ದ. ಭಂಡಾರದ ಮಾತು ಬಾಯಿಂದ ಬಂದ ಮೇಲೆ ಅದನ್ನು ಹಾಗೇ ಬಿಡುವ ಪದ್ಧತಿ ಅವರಲ್ಲಿಲ್ಲ. ದೇವಿಯ ಅರಿಶಿನದ ಬಟ್ಟಲಲ್ಲಿ ಕೈ ಅದ್ದಿ ಹೇಳಿದ ಮಾತೇ ಕೊನೆಯ ಮಾತು. ಸುಳ್ಳು ಹೇಳಿ ಕೈ ಅದ್ದಿದರೆ ಆ ಮನೆಯ ಬಸುರಿಗೆ ತಟ್ಟುತ್ತದೆ ಎಂಬ ನಂಬಿಕೆ. ಬೈಲಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: “ಬರೋ ಸಂತೆಗೆ ಬಟ್ಟಲು ತರ್ತೀವಿ ಜಂಪಣ್ಣ. ಕೈ ಅದ್ದಿದ್ಯೋ, ಕಲ್ಲೇಶಪ್ಪ ನಿನ್ನ ಕಾಲು ಹಿಡೀತಾನೆ. ಅದ್ದಲಿಲ್ವೋ, ಈ ಸೀಮೆಯಾಗೆ ನಿನ್ನ ಪೆಟ್ಟಿಗೆ ತೆರೆಯಂಗಿಲ್ಲ.”

ಜಂಪಣ್ಣನ ಮನೆಯಲ್ಲಿ ಚೊಚ್ಚಲ ಹೆರಿಗೆಗೆಂದು ನ್ಯಾಮತಿಯಿಂದ ಬಂದ ಮಗಳು ಭೀಮಕ್ಕ ಇದ್ದಳು. ಒಂಬತ್ತು ತುಂಬಿತ್ತು.

ಸುದ್ದಿ ಅವನಿಗಿಂತ ಮೊದಲೇ ಹಟ್ಟಿ ತಲುಪಿತ್ತು. ಹೆಂಡತಿ ಗಾದ್ರಮ್ಮ ಬಾಗಿಲಲ್ಲೇ ತಡೆದಳು. “ಒಂದೇ ಮಾತು ಹೇಳ್ರಿ. ಕಂಡೀರೋ, ಇಲ್ಲೋ?”

ಜಂಪಣ್ಣ ಪೆಟ್ಟಿಗೆ ಇಳಿಸಿದ. “ಇಲ್ಲ.”

“ಇಪ್ಪತ್ತು ವರ್ಷ ನನಗೂ ಅದನ್ನೇ ಹೇಳಿದ್ರಲ್ರೀ!” ಎಂದವಳು ಒಳಗೆ ಮಲಗಿದ್ದ ಮಗಳ ಕಡೆ ತಿರುಗಿ ದನಿ ತಗ್ಗಿಸಿದಳು. “ಹಂಗಾರೆ ಆ ಬಟ್ಟಲಿಗೆ ಕೈ ಹಾಕಬ್ಯಾಡ್ರಿ. ನಿಮಗೆ ಕೈ ಮುಗೀತೀನಿ.”

ಅವನು ಕಂಡಿದ್ದು ಸೂಯೆಜ್ ಮಾತ್ರ. ಮೊದಲ ಮಹಾಯುದ್ಧದಲ್ಲಿ ಮೈಸೂರು ಕುದುರೆ ಪಡೆಯ ಜೊತೆ ಕುದುರೆ ನೋಡಿಕೊಳ್ಳುವ ಆಳಾಗಿ ಹೋಗಿದ್ದ. ಅಲ್ಲಿ ಕುದುರೆಯೊಂದು ಒದ್ದು ಮೊಣಕಾಲು ಮುರಿದು, ನಾಲ್ಕು ತಿಂಗಳು ಆಸ್ಪತ್ರೆಯ ಡೇರೆಯಲ್ಲಿ ಬಿದ್ದಿದ್ದ. ಪಕ್ಕದ ಮಂಚದಲ್ಲಿದ್ದವನು ಹಡಗಿನ ಅಡಿಗೆಯವ, ಮಿಗೆಲ್ ಎಂದು ಹೆಸರು, ಸೆಗೋವಿಯದವನು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಮಿಗೆಲ್ ತನ್ನ ಪೆಟ್ಟಿಗೆಯ ಆ ಹನ್ನೆರಡು ಪಟಗಳನ್ನು ದಿನಕ್ಕೊಂದು ಸಲ ತೋರಿಸಿ, ಕೈಸನ್ನೆಯಲ್ಲಿ, ಹಡಗಿನಲ್ಲಿ ಕಲಿತ ಅರೆಬರೆ ಹಿಂದೂಸ್ತಾನಿಯಲ್ಲಿ ಕತೆ ಹೇಳುತ್ತಿದ್ದ. ಒಂದು ದಿನ ಒಣಗಿದ ಬಿಸ್ಕತ್ತುಗಳನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ, ತಟ್ಟೆಯ ಮೇಲೆ ಕಮಾನು ಕಟ್ಟಿ ನಿಲ್ಲಿಸಿದ್ದ. ಜಂಪಣ್ಣ ಊರಿಗೆ ಹೊರಟ ದಿನ ಪೆಟ್ಟಿಗೆಯನ್ನು ಅವನ ಮಡಿಲಿಗಿಟ್ಟು, ಮಿಗೆಲ್ ತನ್ನ ಕಣ್ಣು ಮುಟ್ಟಿಕೊಂಡ, ಆಮೇಲೆ ಜಂಪಣ್ಣನ ಬಾಯಿ ಮುಟ್ಟಿದ.

ಊರಿಗೆ ಬಂದ ಮೇಲೆ ಕುಂಟುಕಾಲಿನವನಿಗೆ ಕುರಿ ಕಾಯುವುದು ಆಗಲಿಲ್ಲ. ಪೆಟ್ಟಿಗೆಯೇ ಅನ್ನವಾಯಿತು. ಮೊದಲ ಸಂತೆಯಲ್ಲೇ ಯಾರೋ ಕೇಳಿದರು, ನೀನು ನೋಡಿದೀಯಾ ಎಂದು. ಅಷ್ಟು ದೊಡ್ಡ ಕತೆ ಬಿಡಿಸಿ ಹೇಳುವುದಕ್ಕಿಂತ ಹೂಂ ಅನ್ನುವುದು ಸಲೀಸಾಗಿತ್ತು.

ಮರುದಿನ ಜಂಪಣ್ಣ ಗುಡ್ಡದ ಬುಡದಿಂದ ಬಳಪದ ಕಲ್ಲು ತಂದ. ಮೆತ್ತಗಿನ ಕಲ್ಲು, ಚಾಕುವಿಗೆ ಬಗ್ಗುತ್ತದೆ. ಬಿಸ್ಕತ್ತಿನ ನೆನಪು ಮಾಡಿಕೊಂಡು, ಮೇಲೆ ಅಗಲ ಕೆಳಗೆ ಕಿರಿದಾಗಿ ಹನ್ನೊಂದು ತುಂಡು ಕೆತ್ತಿದ. ಅರ್ಧ ಒಡೆದ ಮಡಕೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ತುಂಡುಗಳನ್ನು ಜೋಡಿಸಿ, ಮೆಲ್ಲಗೆ ಮಡಕೆ ಎಳೆದ. ಎಲ್ಲವೂ ಕುಸಿದು ಬಿದ್ದವು. ಮತ್ತೆ ಉಜ್ಜಿ ಸಮ ಮಾಡಿದ, ಮತ್ತೆ ಬಿದ್ದವು. ಐದು ದಿನವೂ ಇದೇ ಆಯಿತು. ಆರನೆಯ ದಿನ ಭೀಮಕ್ಕನಿಗೆ ಸೊಂಟ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋದಳು. ಗಾದ್ರಮ್ಮ ಅವನ ಮುಂದೆ ಚೆಲ್ಲಿದ್ದ ಕಲ್ಲುಗಳನ್ನು ದಾಟಿಕೊಂಡು ನೀರು ಕಾಯಿಸಲು ಹೋದಳು.

ಸಂತೆಯ ದಿನ ಬೆಳಗಾದರೂ ಹೆರಿಗೆಯಾಗಿರಲಿಲ್ಲ. ಒಮ್ಮೆಯೂ ನಿಲ್ಲದ ಹನ್ನೊಂದು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು, ಒಡಕು ಮಡಕೆ ಹಿಡಿದು, ಜಂಪಣ್ಣ ಕುಂಟುತ್ತ ಹೊರಟ.

ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಅದರ ಮೇಲೆ ಭಂಡಾರದ ಬಟ್ಟಲು ಇಟ್ಟಿದ್ದರು. ಕುರಿ ವ್ಯಾಪಾರವೇ ನಿಂತಂತೆ ಜನ ಕೂಡಿದ್ದರು. ಬೈಲಪ್ಪ, “ಬಾರಪ್ಪ, ಕಾಲು ತೊಳ್ಕಂಡು ಬಾ” ಎಂದ.

ಜಂಪಣ್ಣ ಬಟ್ಟಲಿಗೆ ನಮಸ್ಕರಿಸಿ ಎರಡೂ ಕೈ ಹಿಂದೆ ಕಟ್ಟಿಕೊಂಡ. “ಯಜಮಾನ್ರೇ, ನಾನು ಕಂಡಿಲ್ಲ. ಆ ದೇಶಕ್ಕೆ ಹೋಗೇ ಇಲ್ಲ.”

ಸಂತೆ ಹೋ ಎಂದಿತು. “ಕಾಸು ವಾಪಸ್ ಕೊಡಲೇ!” ಎಂದು ಒಬ್ಬ ಕೂಗಿದ. “ಸಿಂಹನೂ ಸುಳ್ಳೇನೋ?” ಎಂದಳು ಒಬ್ಬ ಮುದುಕಿ. ಕಲ್ಲೇಶಪ್ಪ ಮಾತ್ರ ಕೂಗಲಿಲ್ಲ. “ಗೊತ್ತಿತ್ತು. ಗಾರೆ ಇಲ್ದೆ ನಿಲ್ಲಾಕೆ ಸಾಧ್ಯ ಇಲ್ಲ” ಎಂದು ಮೇಲೆದ್ದ.

“ನಿಲ್ತೈತೆ. ಆ ಊರಾಗೆ ಹುಟ್ಟಿದೋನು ಕಟ್ಟಿ ತೋರ್ಸಿದ್ದು ಕಂಡೀನಿ. ಅದನ್ನ ಬೇಕಾರೆ ಈಗಲೇ ಬಟ್ಟಲು ಮುಟ್ಟಿ ಹೇಳ್ತೀನಿ. ಮೊದಲು ಇದನ್ನ ನೋಡ್ರಿ” ಎಂದ ಜಂಪಣ್ಣ, ನೆಲ ಹಸನು ಮಾಡಿ ಮಡಕೆ ಬೋರಲಿಟ್ಟ. ಒಂದೊಂದೇ ಕಲ್ಲು ಜೋಡಿಸಿದ. ನೆತ್ತಿಯ ಕಲ್ಲು ಕೂರಿಸಿ ಮಡಕೆಯನ್ನು ಒಂದು ಬೆರಳಗಲ ಎಳೆದ. ಬುಡದ ಎರಡು ಕಲ್ಲು ಆಚೆ ಈಚೆ ಜಾರತೊಡಗಿದವು.

“ಏಯ್, ತಡಿಯೋ! ಎಳೀಬ್ಯಾಡ!”

ಕೂಗಿದವನು ಕಲ್ಲೇಶಪ್ಪ. ಅವನು ಮೊಣಕಾಲೂರಿ ಕೂತಾಗಿತ್ತು. ಜಾರುತ್ತಿದ್ದ ಬುಡಗಳಿಗೆ ಎರಡೂ ಅಂಗೈ ಒತ್ತಿ ಹಿಡಿದಿದ್ದ. “ಪಾದ ಬಿಟ್ಟು ಬರೇ ನೆತ್ತಿ ಕಟ್ಟಿದ್ರೆ ನಿಲ್ತೈತೇನೋ ದಡ್ಡ? ಮಗ್ಗುಲಿಗೆ ಭಾರ ಬೇಕು. ಏನಾರ ಕೊಡ್ರಿ!” ಉಪ್ಪಿನವನ ಮುಂದಿದ್ದ ಎರಡು ತೂಕದ ಕಲ್ಲು ಕೈಯಿಂದ ಕೈಗೆ ಬಂದವು. ಕಲ್ಲೇಶಪ್ಪ ಅವನ್ನು ಎರಡೂ ಬುಡಕ್ಕೆ ಆನಿಸಿ, ಒಂದು ತುಂಡನ್ನು ಉಗುರಿನಿಂದ ತಟ್ಟಿ ಸರಿಪಡಿಸಿ, “ಈಗ ಎಳಿ” ಎಂದ.

ಜಂಪಣ್ಣ ಎಳೆದ. ಮಡಕೆ ಹೊರಗೆ ಬಂತು. ಕಮಾನು ನಿಂತಿತ್ತು.

ಬೈಲಪ್ಪ ಭಂಡಾರದ ಬಟ್ಟಲನ್ನು ತಂದು ಕಮಾನಿನ ನೆತ್ತಿಯ ಮೇಲಿಟ್ಟ. ಕಲ್ಲುಗಳು ಇನ್ನಷ್ಟು ಬಿಗಿದು ಕೂತವು. ಕಲ್ಲೇಶಪ್ಪ ನೆಲಕ್ಕೆ ಕೆನ್ನೆ ಹಚ್ಚಿ, ಕೆಳಗಿನಿಂದ ಆ ಸಂದಿಗಳನ್ನು ಬಹಳ ಹೊತ್ತು ನೋಡಿದ.

“ಕಮಾನು ನಿಜ, ಕಣ್ಣಾರೆ ಕಂಡಿದ್ದು ಸುಳ್ಳು. ಪೆಟ್ಟಿಗೆ ತೆರಿ. ಆದ್ರೆ ನೋಡಿದೋನು ಯಾರು ಅಂತ ಮೊದಲು ಹೇಳಿ ಆಮೇಲೆ ತೆರಿ” ಎಂದ ಬೈಲಪ್ಪ.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಗಾದ್ರಮ್ಮ ಹೊರಗೆ ಬಂದು ಅವನ ಕೈಗಳನ್ನು ತಿರುವಿ ನೋಡಿದಳು. ಅರಿಶಿನದ ಗುರುತಿರಲಿಲ್ಲ. “ಹೆಣ್ಣು ಕೂಸು. ಇಬ್ರೂ ಚೆನ್ನಾಗೈದಾರೆ” ಎಂದಳು.

ಐದನೆಯ ತಿಂಗಳಿಗೆ ಮಗಳನ್ನೂ ಮೊಮ್ಮಗಳನ್ನೂ ನ್ಯಾಮತಿಯ ಗಂಡನ ಮನೆಗೆ ಬಿಟ್ಟು, ಜಂಪಣ್ಣ ಹೊನ್ನಾಳಿ, ಚನ್ನಗಿರಿ ಸಂತೆಗಳನ್ನು ಸುತ್ತಿದ. “ಕಂಡೋನು ಮಿಗೆಲ್, ಹೇಳೋನು ನಾನು” ಎಂದೇ ಶುರುಮಾಡುತ್ತಿದ್ದ. ಕಣ್ಣಾರೆ ಕಂಡವನ ಮುಂದೆ ಸೇರುತ್ತಿದ್ದಷ್ಟು ಜನ ಸೇರುತ್ತಿರಲಿಲ್ಲ. ಪೆಟ್ಟಿಗೆಯ ಪಕ್ಕ ಹನ್ನೊಂದು ಕಲ್ಲಿನ ಕಮಾನು ಕಟ್ಟಿಡುತ್ತಿದ್ದ. ಜಗಳೂರಿನಲ್ಲಾದರೆ ಕಲ್ಲೇಶಪ್ಪನೇ ಬಂದು ಕಟ್ಟಿ ಹೋಗುತ್ತಿದ್ದ.

ಎರಡು ವರ್ಷದ ಮೇಲೆ ಚನ್ನಗಿರಿ ಸಂತೆಯಲ್ಲಿ ಶಾಲೆಯ ಬಸವರಾಜಪ್ಪ ಮೇಷ್ಟ್ರು ಪತ್ರಿಕೆ ಹಿಡಿದು ಬಂದರು. “ಜಂಪಣ್ಣ, ನಿನ್ನ ಸ್ಪೇನಿನಾಗೆ ಅಣ್ಣತಮ್ಮಂದಿರೇ ಬಡಿದಾಡ್ತಿದಾರಂತೆ. ವಿಮಾನದಿಂದ ಬಾಂಬು ಹಾಕ್ತಾರಂತೆ. ನಿನ್ನ ಕಾಲುವೆ ಈಗ ಐತೋ, ಬಿತ್ತೋ?”

ಗಾಜಿಗೆ ಕಣ್ಣು ಹಚ್ಚಿದ್ದ ಹೆಂಗಸು ತಲೆ ಎತ್ತಿ ಅವನನ್ನೇ ನೋಡಿದಳು. ಐತೆ ಎನ್ನಲು ಬಾಯಿ ತೆರೆದ ಜಂಪಣ್ಣ ತಡೆದುಕೊಂಡ.

“ಗೊತ್ತಿಲ್ಲ ಮೇಷ್ಟ್ರೇ. ಸೆಗೋವಿಯ ಅಂತ ಏನಾರ ಬಂದೈತಾ, ಹುಡುಕಿ ನೋಡ್ರಿ.”

ಮೇಷ್ಟ್ರು ಎರಡೂ ಪುಟ ಹುಡುಕಿದರು. ಆ ಹೆಸರಿರಲಿಲ್ಲ. ಅಂದಿನಿಂದ ಜಂಪಣ್ಣ ಯಾವ ಸಂತೆಗೆ ಹೋದರೂ ಪೆಟ್ಟಿಗೆ ಇಳಿಸುವ ಮೊದಲು ಪತ್ರಿಕೆ ಓದುವವರನ್ನು ಹುಡುಕಿಕೊಂಡು ಹೋಗಿ ಅದೊಂದೇ ಮಾತು ಕೇಳುತ್ತಿದ್ದ. ೧೯೪೫ರಲ್ಲಿ ಕಾಲು ಪೂರ್ತಿ ಸೋಲುವವರೆಗೂ ಕೇಳಿದ.