ಅನ್ನದ ಪಾತ್ರೆಯ ಕೆಳಗಿನ ಬಿಳಿ ಸಿಂಬಿ

೨೦೧೫ರ ಬೇಸಿಗೆಯಲ್ಲಿ ಹ್ಯೂಸ್ಟನ್ನಿನ ಪೂರ್ವ ಭಾಗದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪಂಪಿನ ಸೀಲ್ ಒಡೆದು, ಬಿಸಿ ಕಾಸ್ಟಿಕ್ ಸೋಡಾ ದ್ರಾವಣ ಫಿಟ್ಟರ್ ಒಬ್ಬರ ಮುಖಕ್ಕೆ ಚಿಮ್ಮಿತು. ರಕ್ಷಣೆಯ ಕನ್ನಡಕದ ಸಂದಿಯಿಂದ ಒಳಗೆ ಇಳಿದು ಅವರ ಎಡಗಣ್ಣು ಹೋಯಿತು. ಸೀಲನ್ನು ಫಿಟ್ಟರ್ ಓರೆಯಾಗಿ ಬಿಗಿದದ್ದೇ ಕಾರಣ ಎಂದು ಅಪಘಾತದ ವರದಿ ಹೇಳಿತು. ಆಗ ನಾನು ಹ್ಯೂಸ್ಟನ್ನಿನ ಒಂದು ಪತ್ರಿಕೆಯಲ್ಲಿ ವರದಿಗಾರ್ತಿ. ಆ ಸುದ್ದಿ ಬರೆದವಳು ನಾನೇ.

ಕಳೆದ ವಾರ ಆ ಫಿಟ್ಟರ್ ಪರ ವಕೀಲರ ಕಚೇರಿಯಿಂದ ಒಂದು ಪೊಟ್ಟಣ ವಾಪಸ್ ಬಂತು. ಒಳಗೆ ನಾನೇ ಕೊಟ್ಟಿದ್ದ ಬಿಳಿ ಬಳೆ. ಕೈಗೆ ಹಾಕುವುದಲ್ಲ, ಪಂಪಿನೊಳಗೆ ಕೂತು ಸೋರದಂತೆ ತಡೆಯುವ ಸೀಲ್, ಊಟದ ತಟ್ಟೆಯ ಅಂಚಿನಷ್ಟು ದೊಡ್ಡದು. ಒಂದು ಕಡೆ ನುಣ್ಣಗೆ ಮೇಣದ ಹಾಗಿದೆ. ಇನ್ನೊಂದು ಕಡೆ ತರಕಲು. ಬೆರಳಾಡಿಸಿದರೆ ಹಿಟ್ಟಿನಂಥ ಪುಡಿ ಅಂಟುತ್ತದೆ. ಪುಡಿಯನ್ನು ಒರೆಸಿಕೊಳ್ಳುವಾಗ ನಮ್ಮ ಪಕ್ಕದ ಮನೆಯ ಅಂಕಲ್ ಎದುರಿಗೆ ಬಂದು ನಿಂತ ಹಾಗಾಯಿತು...

ಹ್ಯೂಸ್ಟನ್ನಿನ ಅಂಚಿನ ಸೈಪ್ರೆಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಲಕ್ಕೆ ಅವರ ಮನೆ. ಧಾರವಾಡದ ಕಡೆಯವರು. ಹೊರವಲಯದ ಒಂದು ಕಾರ್ಖಾನೆಯಲ್ಲಿ ಫ್ಲೋರೋಪಾಲಿಮರ್ ಸೀಲುಗಳಿಗೆ ಮಿಶ್ರಣ ಗೊತ್ತು ಮಾಡುವ ಎಂಜಿನಿಯರ್. ದೋಸೆ ಅಂಟದ ಕಾವಲಿಗೆ ಬಳಿಯುವ ವಸ್ತುವೇ ಇದು, ದಪ್ಪಕ್ಕೆ ಒತ್ತಿ ಬೇಯಿಸಿದರೆ ಸೀಲ್ ಆಗುತ್ತದೆ. ಅಳತೆ ತಪ್ಪಿ ತಿರಸ್ಕಾರವಾದ ಬಳೆಗಳನ್ನು ಅವರು ಮನೆಗೆ ತರುತ್ತಿದ್ದರು. ಬಿಸಿಗೆ ಸುಡುವುದಿಲ್ಲ, ಒದ್ದೆಗೆ ಕೊಳೆಯುವುದಿಲ್ಲ. ಆಂಟಿ ಅದನ್ನು ಅನ್ನದ ಪಾತ್ರೆಯ ಕೆಳಗೆ ಸಿಂಬಿಯ ಹಾಗೆ ಇಡತೊಡಗಿದರು. ಆಮೇಲೆ ಆ ಸುತ್ತಿನ ಕನ್ನಡದವರ ಅಡುಗೆಮನೆಗಳಿಗೆಲ್ಲ ಅದು ಹರಡಿತು. ಗೃಹಪ್ರವೇಶಕ್ಕೆ ಹೋದರೂ ಅಂಕಲ್ ಕೈಯಲ್ಲಿ ಹೂವಿನ ಜೊತೆಗೆ ಒಂದು ಸಿಂಬಿ.

ಕಪ್ಪು ಬಳೆಯೂ ಇತ್ತು, ಬಿಳಿಯದೂ ಇತ್ತು. ಕಪ್ಪಿನದು ಅಡುಗೆಕಟ್ಟೆಯ ಮೇಲೆ ಗೀರು ಉಳಿಸುತ್ತದೆ ಎಂದು ಎಲ್ಲರೂ ಬಿಳಿಯದನ್ನೇ ಕೇಳುತ್ತಿದ್ದರು. ಅಂಕಲ್ ನಗುತ್ತಿದ್ದರು. ಅಡುಗೆಮನೆಯಲ್ಲಿ ಬಣ್ಣ ನೋಡಿ ಆರಿಸಿ, ಕಾರ್ಖಾನೆಯಲ್ಲಿ ಮಾತ್ರ ಹಾಗೆ ಮಾಡಬೇಡಿ ಎನ್ನುತ್ತಿದ್ದರು.

ಅವರ ಕೆಲಸ ಏನೆಂದು ನನಗೆ ತಿಳಿಸಿಕೊಟ್ಟದ್ದೂ ಅವರೇ. ಈ ವಸ್ತುವಿಗೆ ಆಸಿಡ್ ಹತ್ತುವುದಿಲ್ಲ, ಏನೂ ಅಂಟುವುದಿಲ್ಲ, ಆದರೆ ಬರೇ ಅದನ್ನೇ ಬಳಸಿದರೆ ಭಾರ ಬಿದ್ದ ಕಡೆಗೆ ನಿಧಾನವಾಗಿ ಹರಿದು ಚಪ್ಪಟೆಯಾಗುತ್ತದೆ, ಬೇಗ ಸವೆಯುತ್ತದೆ. ಅದಕ್ಕೇ ಫಿಲ್ಲರ್ ಬೆರೆಸುವುದು.

"ಬರೇ ಮಣ್ಣಿನ ಗ್ವಾಡಿ ನಿಲ್ಲತದೇನ್ ತಂಗಿ? ಹುಲ್ಲು ಕಲಸಬೇಕು. ಯಾವ ಹುಲ್ಲು, ಎಷ್ಟು ಅನ್ನೋದ ನನ್ನ ನೌಕರಿ."

ಗಾಜಿನ ಎಳೆ ಬೆರೆಸಿದರೆ ಬಿಳಿ ಬಳೆ. ಗಟ್ಟಿ, ಸವೆತ ಕಡಿಮೆ, ವಿದ್ಯುತ್ ಹರಿಯುವುದಿಲ್ಲ. ಕಾರ್ಬನ್ ಬೆರೆಸಿದರೆ ಕಪ್ಪು. ಶಾಖವನ್ನು ಹೊರಗೆ ಸಾಗಿಸುತ್ತದೆ, ಕಾಸ್ಟಿಕ್‌ಗೂ ಜಗ್ಗುವುದಿಲ್ಲ. ಹೆಚ್ಚು ಭಾರ ಇದ್ದಲ್ಲಿ ಕಂಚಿನ ಪುಡಿ, ಉಜ್ಜಾಟ ಇದ್ದಲ್ಲಿ ಚಿಟಿಕೆ ಗ್ರಾಫೈಟ್. ಗಾಜನ್ನು ಮಾತ್ರ ಬಿಸಿ ಕಾಸ್ಟಿಕ್ ತಿನ್ನುತ್ತದೆ. ಎಳೆ ಕರಗಿ ಹೋಗಿ ತೂತು ಉಳಿಯುತ್ತದೆ, ಗೆದ್ದಲು ಹುಲ್ಲು ತಿಂದ ಗೋಡೆಯ ಹಾಗೆ.

"ಗೆದ್ದಲ ಇರೋ ಕಡೆ ಹುಲ್ಲಿನ ಗ್ವಾಡಿ ಕಟ್ಟೋರಿಗೆ ಏನಂತಾರ ಗೊತ್ತದೇನು?" ಎಂದು ಕೇಳಿ, ನಾನು ಯೋಚಿಸುವಷ್ಟರಲ್ಲಿ ಅವರೇ ಹೇಳಿದ್ದರು: "ಸೇಲ್ಸ್‌ಮನ್ ಅಂತಾರ."

ಆ ದಿನ ತುಂಬ ನಕ್ಕಿದ್ದೆವು.

ಬಿಳಿ ಬಳೆ ಹುಟ್ಟಿದ್ದು ಆಸ್ಟಿನ್ನಿನ ಒಂದು ಚಿಪ್ ಕಾರ್ಖಾನೆಗಾಗಿ. ಅಲ್ಲಿನ ಒಣ ಗಾಳಿಯ ಪಂಪುಗಳಿಗೆ ಕಪ್ಪು ಪುಡಿ ಉದುರುವ ಸೀಲ್ ನಡೆಯುತ್ತಿರಲಿಲ್ಲ. ಅಲ್ಲಿ ಬಿಳಿ ಸರಿಯಾಗಿತ್ತು. ಅಂಕಲ್‌ಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಆಮೇಲೆ ಡಾಲಸ್ ಹತ್ತಿರದ ಇರ್ವಿಂಗ್‌ನಲ್ಲಿ ಕೂರುವ ಅವರ ಕಂಪನಿಯ ಮಾರಾಟದವರು ಅದೇ ಬಳೆಯನ್ನು ಮುಂದೆ ಅಪಘಾತವಾದ ಹ್ಯೂಸ್ಟನ್ನಿನ ಆ ರಾಸಾಯನಿಕ ಕಾರ್ಖಾನೆಗೂ ತೋರಿಸಿದರು. ಕಾರ್ಖಾನೆಯವರಿಗೆ ಬಿಳಿ ಹಿಡಿಸಿತು. ನೋಡಲು ಶುಭ್ರವಾಗಿದೆ, ಕೈಗೆ ಮಸಿ ಹತ್ತುವುದಿಲ್ಲ. ಅಂಕಲ್ ಮೊದಲು ಕಪ್ಪು ಎಂದೇ ಹೇಳಿದ್ದರು. ಇರ್ವಿಂಗ್‌ನಿಂದ ಒಬ್ಬರು ಡ್ರೈವ್ ಮಾಡಿಕೊಂಡು ಬಂದು ಮಾತಾಡಿದ ಮೇಲೆ ಬಿಳಿಗೆ ಸಹಿ ಹಾಕಿದರು. ದುರಸ್ತಿಗೆಂದು ಕಾರ್ಖಾನೆ ನಿಲ್ಲಿಸುವ ಮುಂದಿನ ಶಟ್‌ಡೌನ್ ತನಕ ತಡೆಯುತ್ತದೆ, ಆಗ ಬದಲಿಸಿದರಾಯಿತು ಎಂಬುದು ಅವರ ಲೆಕ್ಕ. ಇದನ್ನು ಅವರೇ ನನಗೆ ಹೇಳಿದ್ದು, ಆದರೆ ಅಪಘಾತ ಆದ ಮೇಲೆ.

ಅಪಘಾತಕ್ಕೆ ಮುಂಚೆ ಅವರ ಮನೆಯಲ್ಲಿ ನಡೆದದ್ದು ಒಂದಿದೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ವಸಂತದ ಒಂದು ಭಾನುವಾರ ನಾನು ಚಹಾಕ್ಕೆ ಹೋಗಿದ್ದೆ. ಸಿಂಕಿನ ಕೆಳಗೆ ಇಟ್ಟಿದ್ದ ಪೈಪ್ ತೊಳೆಯುವ ದ್ರಾವಣದ ಡಬ್ಬಿ ಸೋರಿ, ಅಲ್ಲೇ ಬಿದ್ದಿದ್ದ ಒಂದು ಬಿಳಿ ಸಿಂಬಿ ಅದರಲ್ಲಿ ಅರ್ಧ ನೆನೆದಿತ್ತು. ಆ ದ್ರಾವಣವೂ ಕಾಸ್ಟಿಕ್ ಸೋಡಾವೇ, ಬಿಸಿಯಲ್ಲ ಅಷ್ಟೆ. ಆಂಟಿ ಕೈಗವಸು ಹಾಕಿಕೊಂಡು ತೊಳೆದು ತಂದು ಮೇಜಿನ ಮೇಲಿಟ್ಟರು.

"ರೀ, ಇದರ ಮೈ ನೋಡ್ರಿ. ನೀವು ಇದಕ್ಕ ಏನೂ ಆಗೂದಿಲ್ಲ ಅಂತಿದ್ರಿ."

ಅಂಕಲ್ ಹೆಬ್ಬೆರಳಿನಿಂದ ತರಕಲು ಭಾಗವನ್ನು ಸವರಿದರು. ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚಹಾ ಆರುತ್ತಿತ್ತು. ಕೊನೆಗೆ, ಬಿಸಾಕು ಎಂದರು. ಅಷ್ಟೆ. ತಣ್ಣಗಿನ ಕಾಸ್ಟಿಕ್ಕೇ ಇಷ್ಟು ತಿಂದಿದೆ, ಶಟ್‌ಡೌನ್ ತನಕ ತಡೆಯುತ್ತದೆ ಎಂಬ ಲೆಕ್ಕ ತಪ್ಪಿದೆ ಎಂದು ಆ ಹೆಬ್ಬೆರಳಿಗೆ ಗೊತ್ತಾಗಿತ್ತು. ಆ ಹೊತ್ತಿಗೆ ಅದೇ ಬಳೆಗಳು ಆ ರಾಸಾಯನಿಕ ಕಾರ್ಖಾನೆಯ ಪಂಪುಗಳಲ್ಲಿ ಕೂತಿದ್ದವು. ಮರುದಿನ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಬೇಸಿಗೆಯಲ್ಲಿ ಸೀಲ್ ಒಡೆಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಫಿಟ್ಟರ್ ಅವರನ್ನು ಅವರ ಮನೆಯಲ್ಲಿ ಭೇಟಿಯಾದೆ. ಕಣ್ಣಿನ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ವರದಿಯಲ್ಲಿ ಅವರ ತಪ್ಪು ಎಂದು ಇರುವ ತನಕ ಯಾವ ಕಾರ್ಖಾನೆಯೂ ಪಂಪು ಮುಟ್ಟಲು ಬಿಡುವುದಿಲ್ಲ ಎಂದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ, "ಕಣ್ಣು ಹೋದದ್ದು ಹೋಯಿತು. ಈ ಕೈಗಳ ಹೆಸರು ಯಾಕೆ ಕೆಡಿಸಿದರು?" ಎಂದು ಕೇಳಿದರು. ಪಂಪಿಗೆ ಹಾಕಿದ್ದ ಸೀಲ್ ಹೇಗಿತ್ತು ಎಂದು ನಾನು ಕೇಳಿದೆ. ಬಿಳಿ, ಎಂದರು.

ಮರುದಿನ ಬೆಳಿಗ್ಗೆ ಅಂಕಲ್ ಹುಲ್ಲಿಗೆ ನೀರು ಬಿಡುತ್ತಿದ್ದರು. ನಾನು ನೇರವಾಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. ಕಪ್ಪು ಎಂದದ್ದು, ಬಿಳಿಗೆ ಸಹಿ ಹಾಕಿದ್ದು, ಶಟ್‌ಡೌನ್ ಲೆಕ್ಕ, ಎಲ್ಲ ಹೇಳಿದರು. ಪತ್ರಿಕೆಗೆ ಹೆಸರು ಹಾಕಿ ಹೇಳುತ್ತೀರಾ ಎಂದಾಗ ಒಲ್ಲೆ ಎಂಬಂತೆ ತಲೆ ಅಲ್ಲಾಡಿಸಿದರು.

"ನಾ ಒಬ್ಬಾಂವ ಹೇಳಿದ್ರ ಏನಾಗ್ತದ ತಂಗಿ?"

"ಆ ಮನುಷ್ಯನಿಗೆ ಕೆಲಸ ವಾಪಸ್ ಸಿಗುತ್ತೆ ಅಂಕಲ್."

ಅವರು ಪೈಪನ್ನು ಅಂಚಿನ ಗಿಡದ ಕಡೆಗೆ ತಿರುಗಿಸಿದರು. ರಿಟೈರ್ ಆಗುವ ಕಾಲ ಹತ್ತಿರ ಬಂತು ಎಂದು ತಮಗೇ ಎಂಬಂತೆ ಹೇಳಿಕೊಂಡರು. ಗೆದ್ದಲು ಇರುವ ಕಡೆ ಹುಲ್ಲಿನ ಗೋಡೆಗೆ ಸಹಿ ಹಾಕುವವರಿಗೆ ಏನಂತಾರೆ ಎಂದು ಕೇಳಿದೆ. ಅವರು ಬಗ್ಗಿ ನಲ್ಲಿ ನಿಲ್ಲಿಸಿದರು.

"ಚಾ ಕುಡೀತಿಯೇನು?" ಎಂದರು.

ನಾನು ಮನೆಗೆ ಬಂದೆ. ಹೆಸರು ಕೊಡಲು ಒಪ್ಪದ ಒಬ್ಬರ ಮಾತಿನ ಮೇಲೆ ಸಂಪಾದಕರು ಸುದ್ದಿ ಹಾಕಲಿಲ್ಲ. ನಿಯಮದ ಪ್ರಕಾರ ಅದು ಸರಿ. ನನ್ನ ಸಿಟ್ಟು ಸಂಪಾದಕರ ಮೇಲಲ್ಲ. ಇರ್ವಿಂಗ್‌ನವರ ಮೇಲೂ ಅಷ್ಟಿಲ್ಲ, ಅವರಿಗೆ ಗಾಜು ಕರಗುತ್ತದೆ ಎಂದು ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅಂಕಲ್‌ಗೆ ಗೊತ್ತಿತ್ತು.

ಆಮೇಲೆ ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ. ಅವರು ಮಾತ್ರ ಮೊದಲಿನ ಹಾಗೇ ಇದ್ದರು. ಕಸದ ಗಾಡಿ ಬಂದು ಹೋದ ಮೇಲೆ ರಸ್ತೆ ಅಂಚಿನಲ್ಲಿದ್ದ ನನ್ನ ಡಬ್ಬಿಯನ್ನು ಉರುಳಿಸಿಕೊಂಡು ತಂದು ಗ್ಯಾರೇಜಿನ ಪಕ್ಕ ನಿಲ್ಲಿಸುತ್ತಿದ್ದರು. ಬೇಡ ಎಂದು ನಾನು ಹೇಳಿದ ಮೇಲೂ ತಂದರು. ಆ ಚಕ್ರಗಳ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕೆಟ್ಟ ಮನುಷ್ಯನಾಗಿದ್ದರೆ ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತೇನೋ...

ಕಳೆದ ವರ್ಷ ಹೃದಯಾಘಾತದಿಂದ ಅವರು ತೀರಿಕೊಂಡರು. ಪೇರ್ಲ್ಯಾಂಡ್ ದೇವಸ್ಥಾನದ ಸಭಾಂಗಣದಲ್ಲಿ ಸ್ಮರಣೆಗೆ ಸೇರಿದ್ದೆವು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಯಾರಿಗೂ ನೋವು ಮಾಡಿದವರಲ್ಲ ಎಂದರು. ತಾವು ಕೊಟ್ಟ ಸಿಂಬಿಯ ಮೇಲೆ ಇವತ್ತೂ ನಮ್ಮ ಅನ್ನದ ಪಾತ್ರೆ ಇದೆ ಎಂದು ಒಬ್ಬರು ಫೋಟೋಗೆ ಕೈಮುಗಿದರು. ಹ್ಯೂಸ್ಟನ್ನಿನ ಪೂರ್ವ ಭಾಗದಲ್ಲಿ ಒಬ್ಬರು ಒಂದೇ ಕಣ್ಣಿನಲ್ಲಿ ಕೆಲಸ ಹುಡುಕುತ್ತಿದ್ದಾರೆ ಎಂದು ಎದ್ದು ಹೇಳಬೇಕೆನಿಸಿತು. ಆಂಟಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ನೋಡಿ ಕೂತೇ ಉಳಿದೆ.

ಊಟವಾದ ಮೇಲೆ ಆಂಟಿಯೇ ನನ್ನನ್ನು ಕಾರಿನ ಹತ್ತಿರ ಕರೆದರು. ಸೀಟಿನ ಮೇಲಿದ್ದ ಚೀಲದಿಂದ ಸೀರೆಯ ತುಂಡಿನಲ್ಲಿ ಸುತ್ತಿದ್ದ ಬಿಳಿ ಬಳೆಯನ್ನು ತೆಗೆದರು. ಒಂದು ಕಡೆ ನುಣುಪು, ಒಂದು ಕಡೆ ತರಕಲು.

"ಅವರು ಬಿಸಾಕು ಅಂದಿದ್ರು. ನಾ ಬಿಸಾಕಲಿಲ್ಲ," ಎಂದರು ಆಂಟಿ. "ಆ ಪೇಪರಿನ ಸುದ್ದಿ ಓದಿದ ದಿನದಿಂದ ಅನ್ನದ ಪಾತ್ರೆ ಇದರ ಮ್ಯಾಲೇ ಇಟ್ಟೆ. ದಿನಾ, ಅವರ ತಾಟಿನ ಮುಂದ."

ಅಂಕಲ್ ಏನಂದರು ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ಉಂಡ್ರು."

ಯಾರಾದರೂ ಕೇಳಿದರೆ ಹೇಳುತ್ತೀರಾ ಎಂದೆ. ಕೇಳಲಿ, ಹೇಳ್ತೀನಿ ಎಂದರು. ನಾನು ವಕೀಲರ ನಂಬರ್ ಕೊಟ್ಟೆ. ಆಂಟಿ ವಕೀಲರ ಮುಂದೆ ಕೂತು, ಬಿಸಾಕು ಎಂದ ಮಾತಿನಿಂದ ಹಿಡಿದು ಊಟದ ಮೇಜಿನ ತನಕ ಎಲ್ಲವನ್ನೂ ಹೇಳಿ ಸಹಿ ಹಾಕಿದರು. ನಾನೂ ಕಂಡದ್ದನ್ನು ಹೇಳಿದೆ, ಬಳೆಯನ್ನು ಕೊಟ್ಟೆ. ಗಂಡ ಬದುಕಿದ್ದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ವಕೀಲರು ಕೇಳಿದಾಗ ಆಂಟಿ ಬಳೆ ಸುತ್ತಿದ್ದ ಸೀರೆಯ ತುಂಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಅವರನ್ನು ಮನೆಗೆ ಬಿಡಲು ಹೋದೆ. ಮನೆಯ ಮುಂದೆ ಅವರ ಕಸದ ಡಬ್ಬಿ ರಸ್ತೆಯಲ್ಲೇ ನಿಂತಿತ್ತು. ಇಳಿದು ಅದನ್ನು ಒಳಗೆ ತಂದಿಟ್ಟೆ. ಅಂಕಲ್ ಇಲ್ಲ ಎನ್ನುವುದು ನನಗೆ ತಟ್ಟಿದ್ದು ಆಗ. ಸಿಟ್ಟು ಹಾಗೇ ಇತ್ತು, ಅದನ್ನು ಹೇಳಿಕೊಳ್ಳಲು ಮನುಷ್ಯ ಇರಲಿಲ್ಲ.

ಪೊಟ್ಟಣದ ಜೊತೆಗೆ ವಕೀಲರ ಚೀಟಿ ಇದೆ. ಪಂಪಿನಲ್ಲಿದ್ದ ಸೀಲನ್ನು ಕಾರ್ಖಾನೆ ಆಗಲೇ ಎಸೆದಿದೆ, ಅಡುಗೆಮನೆಯ ಬಳೆಯಿಂದ ಅದರ ಬಗ್ಗೆ ಏನನ್ನೂ ಸಾಬೀತು ಮಾಡಲಾಗದು, ತನಿಖೆಯನ್ನು ಮತ್ತೆ ತೆರೆಯುವುದಿಲ್ಲ ಎಂದು ತನಿಖೆ ನಡೆಸಿದವರಿಂದ ಉತ್ತರ ಬಂದಿದೆ.

ಆಂಟಿ ಈಗ ಇರ್ವಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಫಿಟ್ಟರ್ ಡಾಲಸ್‌ನ ಒಂದು ಗೋದಾಮಿನ ಗೇಟಿನಲ್ಲಿ ಕಾವಲಿಗಿದ್ದಾರೆ. ಸೀಲ್ ಕಂಪನಿಯ ಈ ವರ್ಷದ ಕ್ಯಾಟಲಾಗಿನಲ್ಲಿ ಬಿಳಿ ಬಳೆಯ ಚಿತ್ರದ ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ: ಬಿಸಿ ಕಾಸ್ಟಿಕ್‌ಗೆ ಬಳಸಬಾರದು. ಅಪಘಾತದ ವರದಿಯಲ್ಲಿ ಕಾರಣ ಎಂದಿರುವಲ್ಲಿ ಈಗಲೂ ಇರುವುದು: ಫಿಟ್ಟರ್ ಓರೆಯಾಗಿ ಬಿಗಿದದ್ದು.