ಗುರುಬಸವ್ವನ ಸಪ್ಪನ ಅಡಿಗೆ

ಬಬಲೇಶ್ವರದ ಗುರುಬಸವ್ವನ ಪಡಸಾಲೆಯಲ್ಲಿ ಊಟಕ್ಕೆ ಕೂತು 'ಸಾಕು' ಅಂದು ಗೆದ್ದವರು ಯಾರೂ ಇರಲಿಲ್ಲ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ ಅಂಗೈ ಮೇಲೆಯೇ ತುಪ್ಪ ಸುರಿಯುವ ಹೆಂಗಸು ಆಕೆ. ನಮ್ಮ ಕಡೆ ಉಣ್ಣುವವರು ಬ್ಯಾಡ ಬ್ಯಾಡ ಅನ್ನಬೇಕು, ಬಡಿಸುವವರು ಆಣೆ ಹಾಕಿ ಬಡಿಸಬೇಕು. ಅದು ಮರ್ಯಾದೆ. ಬ್ಯಾಡ ಅಂದದ್ದನ್ನು ನಿಜವೆಂದು ನಂಬಿ ರೊಟ್ಟಿಬುಟ್ಟಿ ಒಳಗಿಟ್ಟರೆ ಬೀಗತನವೇ ಮುರಿದೀತು.

ಗಂಡ ಬಸಗೊಂಡಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಮಕ್ಕಳು ಐದು, ಐದೂ ಗುಂಡುಕಲ್ಲಿನ ಹಾಗೆ ಗಟ್ಟಿ. ಅದೆಲ್ಲ ತನ್ನ ಕೈಯಡಿಗೆಯ ಗುಣವೆಂದು ಗುರುಬಸವ್ವ ನಂಬಿದ್ದಳು. ದೇವರಿಗೂ ಒಂದಿಷ್ಟು ಪಾಲು ಕೊಡುತ್ತಿದ್ದಳು ಅನ್ನಿ.

ಬಸಗೊಂಡಪ್ಪನ ಅಕ್ಕನ ಮಗ ಶ್ರೀಶೈಲ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರು. ೧೯೪೬ರ ಚಳಿಗಾಲದಲ್ಲಿ ಆತ ಹೊಸ ಹುಚ್ಚೊಂದನ್ನು ಹಚ್ಚಿಕೊಂಡ. ವರ್ಷಗಟ್ಟಲೆ ವಾಸಿಯಾಗದ ಬ್ಯಾನಿಯ ಮಕ್ಕಳನ್ನು, ದಮ್ಮಿನವರನ್ನು, ಕಾಲು ಸೋತವರನ್ನು, ಮೈ ಬಾತವರನ್ನು, ಕತ್ತಲೆ ಕೋಣೆಗಳಿಂದ ಎಬ್ಬಿಸಿ ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಒಂದು ತಿಂಗಳು ಇಟ್ಟುಕೊಳ್ಳುವುದು. ಬಿಸಿಲು, ಗಾಳಿ, ಆಟ, ಹೊತ್ತಿಗೆ ಸರಿಯಾಗಿ ಊಟ. ನೋಡಿಕೊಳ್ಳುವವರೆಲ್ಲ ಪುಕ್ಕಟೆ ಬಂದವರೇ.

"ಅತ್ತಿ, ಅಡಿಗಿಗೆ ನೀವ ಬರ್ಬೇಕು," ಅಂದ ಶ್ರೀಶೈಲ.

"ಲೇ ತಮ್ಮಾ, ಬರಬ್ಯಾಡ ಅಂದ್ರೂ ಬರ್ತಿದ್ದೆ," ಅಂದಳು ಗುರುಬಸವ್ವ. ಚಕ್ಕಡಿಯಲ್ಲಿ ಹಂಚು, ಹಿಟ್ಟು ನಾದುವ ಕೊಣಮಿಗೆ, ಖಾರದ ಗಡಿಗೆ ಹೇರಿಕೊಂಡೇ ಹೋದಳು.

ಹೋದ ಎಂಟೇ ದಿನಕ್ಕೆ ಮಕ್ಕಳ ಕೆನ್ನೆಗೆ ಬಣ್ಣ ಬಂತು. ಆಕೆಯ ಕೈಯಡಿಗೆಗೆ ಒಗ್ಗದವಳು ಒಬ್ಬಳೇ, ಕನಮಡಿಯ ಕುರಿಗಾರ ಅಮಸಿದ್ದನ ಮಗಳು ಹುಲಿಗೆವ್ವ. ಒಂಬತ್ತರ ಹುಡುಗಿ, ತಾಯಿಯಿಲ್ಲದ ಕೂಸು. ಮೂತ್ರಪಿಂಡದ ಬ್ಯಾನಿ, ನೀರು ತುಂಬಿ ಮುಖ ಬಾತು, ಕೆಲವು ಮುಂಜಾನೆ ಕಣ್ಣೇ ತೆರೆಯುತ್ತಿರಲಿಲ್ಲ. ಉಪ್ಪು ತಿಂದರೆ ನೀರು ಏರುತ್ತದೆ, ಹೀಗೇ ಏರುತ್ತಾ ಹೋದರೆ ಹುಡುಗಿ ಉಳಿಯುವುದಿಲ್ಲ ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿದ್ದ. ಆಕೆಗೆ ಬೇರೆ ಗಡಿಗೆಯಲ್ಲಿ ಉಪ್ಪಿಲ್ಲದ ಸಪ್ಪನ ಅಡಿಗೆ.

ಆ ಗಡಿಗೆ ಒಲೆಗೆ ಏರಿಸುವಾಗೆಲ್ಲ ಗುರುಬಸವ್ವ ಗೊಣಗುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಈ ಕೂಸಿಗೆ ಎರಡೂ ಇಲ್ಲವಲ್ಲ! ಎಳ್ಳಮಾಸಿ ಬಂತು, ಎಳ್ಳು ಅಮಾವಾಸ್ಯೆಯ ಹಬ್ಬ. ತೋಟದ ಮಗ್ಗಲಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಮಕ್ಕಳೆಲ್ಲ ಸಜ್ಜಿ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿಪಲ್ಯ ಬಾರಿಸುತ್ತಿದ್ದಾಗ ಹುಲಿಗೆವ್ವ ತನ್ನ ತಾಟು ಹಿಡಿದು ಅತ್ತ ಮುಖ ಮಾಡಿ ಕೂತಿದ್ದಳು. ಗುರುಬಸವ್ವನಿಂದ ತಡೆಯಲಾಗಲಿಲ್ಲ. ಭಜ್ಜಿಯ ಸೌಟು ಹಿಡಿದು ಬಂದಳು.

"ಬ್ಯಾಡ್ರಿ ಆಯಿ. ಡಾಕ್ಟರು ಬ್ಯಾಡಂದಾರ."

"ಹಬ್ಬದ ದಿನ ಹಂಗ ಅನಬಾರದವ್ವಾ. ನಾಲಿಗಿಗೆ ಹತ್ತುವಷ್ಟು."

"ಬ್ಯಾಡ್ರಿ."

"ನನ್ನಾಣಿ ಐತಿ ನಿನಗ."

ಆಣೆ ಹಾಕಿದ ಮೇಲೆ ಮಕ್ಕಳೇನು ಮಾಡಬೇಕು? ಹುಡುಗಿ ಉಂಡಳು, ಬೆರಳನ್ನೂ ನೆಕ್ಕಿದಳು. ಮರುದಿನ ಆಕೆಗೆ ಏನೂ ಆಗಿರಲಿಲ್ಲ. ನೋಡಿದ್ಯಾ, ಡಾಕ್ಟರಿಗೇನು ತಿಳಿತೈತಿ ಎಂದು ಗುರುಬಸವ್ವ ಒಳಗೊಳಗೇ ಬೀಗಿದಳು. ಹಬ್ಬದ ಶೇಂಗಾಚಟ್ನಿ ಮುಗಿಯುವ ತನಕ ದಿನಾ ಒಂದು ಚಿಟಿಕೆ ರೊಟ್ಟಿಯ ಮಡಿಕೆಯಲ್ಲಿ ಮುಚ್ಚಿ ಕೊಟ್ಟಳು. ಹುಡುಗಿ ದಿನಾ ಬ್ಯಾಡ ಅಂದಳು, ಈಕೆ ದಿನಾ ಆಣೆ ಹಾಕಿದಳು.

ವಾರ ಕಳೆಯುವುದರೊಳಗೆ ಹುಲಿಗೆವ್ವನ ಮುಖ ಊದಿ, ಕಣ್ಣು ಎರಡು ಗೀರಾಗಿ, ಕಾಲು ಒತ್ತಿದರೆ ಕುಳಿ ಬೀಳತೊಡಗಿತು. ಗುರುಬಸವ್ವ ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟಳು. ಯಾರೂ ಕೇಳುವ ಮೊದಲೇ ಹೋಗಿ ಶ್ರೀಶೈಲನ ಮುಂದೆ ನಿಂತು ಎಲ್ಲ ಹೇಳಿದಳು.

ಆತ ಬೈಯಲಿಲ್ಲ. ಬೈದಿದ್ದರೆ ಚೊಲೋ ಇತ್ತು. "ಅತ್ತಿ, ಆಕಿ ಬ್ಯಾಡ ಅನ್ನಲಿಲ್ಲೇನು?" ಅಂತಷ್ಟೇ ಕೇಳಿದ.

"ಅಂದ್ಲು. ನಾಚಿಕೊಂಡು ಅಂತಾಳ ಅಂತ ತಿಳಕೊಂಡೆ, ತಮ್ಮಾ."

"ಜೀವ ಉಳಸ್ಕೊಳ್ಳಾಕ ಅಂತಿದ್ಲು, ಅತ್ತಿ."

"ನನ್ನ ಊರಿಗೆ ಕಳಸಿಬಿಡು," ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನೀವು ಹೋದ್ರ ಇಷ್ಟು ಹುಡುಗೂರಿಗೆ ರೊಟ್ಟಿ ಬಡಿಯೋರು ಯಾರು? ಇರ್ರಿ," ಅಂದ ಶ್ರೀಶೈಲ.

ಇದ್ದಳು. ಆದರೆ ಅವತ್ತಿನಿಂದ ಹುಲಿಗೆವ್ವನ ಗಡಿಗೆಯದೇ ತನಗೂ ಬಡಿಸಿಕೊಂಡು ಆಕೆಯ ಮಗ್ಗಲಿಗೇ ಕೂತಳು. ಉಪ್ಪಿಲ್ಲದ ಬ್ಯಾಳಿಯ ಮೊದಲ ತುತ್ತು ಬಾಯಲ್ಲೇ ತಿರುಗಿತು, ಗಂಟಲಿಗೆ ಇಳಿಯಲೊಲ್ಲದು. ಇದನ್ನು ಈ ಕೂಸು ಇಷ್ಟು ದಿನ ಹೇಗೆ ನುಂಗಿತೋ ಎಂದು ಕಣ್ಣಲ್ಲಿ ನೀರು ಬಂತು. ಬಾತ ಮುಖದ ಹುಡುಗಿ ಕಿಸಕ್ಕನೆ ನಕ್ಕಳು.

"ಉಣ್ರಿ ಆಯಿ, ಇನ್ನೊಂದು ತುತ್ತು. ನನ್ನಾಣಿ ಐತಿ ನೋಡ್ರಿ ನಿಮಗ."

ತಾನು ಹಾಕಿದ ಆಣೆ ತನಗೇ ಬಂತು! ಉಂಡಳು. ತಾನೇ ಉಣ್ಣಬೇಕಾದ ಮೇಲೆ ಅಡಿಗೆಯವರ ಬುದ್ಧಿ ಚುರುಕಾಗುತ್ತದೆ. ಬ್ಯಾಳಿಗೆ ಲಿಂಬೆ ಹಿಂಡಿದಳು, ಬೆಳ್ಳುಳ್ಳಿ ಸುಟ್ಟು ಜಜ್ಜಿದಳು, ಎಳ್ಳು ಹುರಿದು ಉದುರಿಸಿದಳು. ಜೋಳದ ರೊಟ್ಟಿಗೆ ಹೇಗೂ ಉಪ್ಪು ಹಾಕುವುದಿಲ್ಲ. ಜೊತೆಗೆ ಬೆಣ್ಣೆ, ಬೆಲ್ಲ. ಒಂದೆರಡು ದಿನಕ್ಕೆ ಇಬ್ಬರೂ ತಾಟು ಖಾಲಿ ಮಾಡತೊಡಗಿದರು.

ಬಾವು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಮಗಳನ್ನು ನೋಡಲು ಅಮಸಿದ್ದ ಬಂದ. ಮುಖ ನೋಡಿದ್ದೇ ಕಂಬಳಿ ಹಾಸಿ ಆಕೆಯ ಬಟ್ಟೆ ಕಟ್ಟತೊಡಗಿದ.

"ಇಲ್ಲಿ ಬಂದೂ ಹಿಂಗ ಆದ್ರ, ನಮ್ಮ ಗುಡಿಸಲದಾಗ ಇರ್ಲಿ ಬಿಡ್ರಿ."

ಗುರುಬಸವ್ವನಿಗೆ ಗೊತ್ತಿತ್ತು. ಈಗ ಹೋದರೆ ಅಲ್ಲಿ ಇನ್ನೊಬ್ಬರು ಯಾರೋ ಆಣೆ ಹಾಕುತ್ತಾರೆ, ಹುಡುಗಿ ಉಳಿಯುವುದಿಲ್ಲ. ಗಂಟಿನ ಮೇಲೆ ಕೈಯಿಟ್ಟು ಅಂದಳು:

"ಯಪ್ಪಾ, ತಪ್ಪು ಈ ಜಾಗಾದ್ದಲ್ಲ, ನನ್ನದು. ಕೂಸು ಬ್ಯಾಡಂದ್ರೂ ಉಪ್ಪಿನ್ದು ನಾನ ಉಣಿಸಿದೆ. ಬೈಯಿ, ಬೇಕಾದ್ರ ಹೊಡಿ. ಆದ್ರ ಈಕಿನ್ನ ಒಯ್ಯಬ್ಯಾಡ."

ಅಮಸಿದ್ದ ಗಂಟಿನಿಂದ ಕೈ ತೆಗೆದ. ಆಮೇಲೆ ಅಂದ: "ನಮ್ಮ ಮನ್ಯಾಗೂ ಕದ್ದು ಕದ್ದು ಕೊಡ್ತಿದ್ರು, ಯವ್ವಾ. ನಮ್ಮವ್ವ ಕೊಟ್ಟಾಳ. ನಾನೂ ಕೊಟ್ಟೇನಿ. ಬಾತಾಗ ಮಾತ್ರ ಒಬ್ರೂ ಬಾಯಿ ಬಿಡಲಿಲ್ಲ, ದೇವರ ಮ್ಯಾಲ ಹಾಕಿದ್ವಿ." ಹಾಗಂದು ಗಂಟು ಬಿಚ್ಚಿ ಮಗಳನ್ನು ಅಲ್ಲೇ ಬಿಟ್ಟುಹೋದ.

ಬಾವು ಮೆಲ್ಲಗೆ ಇಳಿಯಿತು. ಶಿಬಿರ ಮುಗಿಯುವ ದಿನ ಹುಲಿಗೆವ್ವ ತಂದೆಯನ್ನು ಕಂಡು ಬಳ್ಳಿಗಳ ನಡುವೆ ಓಡುತ್ತಾ ಹೋದಳು. ಆತ ಆ ಸಣ್ಣಗಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಆಕೆಯ ನಿಜವಾದ ಮುಖ ಅವನಿಗೆ ಮರೆತೇ ಹೋಗಿತ್ತು.

ಆದರೂ ಗುರುಬಸವ್ವನಿಗೆ ಒಳಗೆ ಅಂಜಿಕೆ. "ಮನ್ಯಾಗ ಹೆಂಗಪ್ಪಾ?" ಎಂದು ಕೇಳಿದಳು.

"ಇನ್ನ ನಮ್ಮ ಮನ್ಯಾಗ ಉಪ್ಪಿನ ಗಡಿಗಿ ಒಲಿ ಏರೂದಿಲ್ರಿ. ಎಲ್ಲಾರಿಗೂ ಸಪ್ಪನ ಬ್ಯಾಳಿ. ಉಪ್ಪು ಬೇಕಾದವ್ರು ತಮ್ಮ ತಾಟಿಗೆ ಹಾಕ್ಕೊಳ್ಳಲಿ. ನಮ್ಮವ್ವನೂ ಹೂಂ ಅಂದಾಳ," ಎಂದು ಅಮಸಿದ್ದ ಬಾಗಿ ಕೈಮುಗಿದ.

ಗುರುಬಸವ್ವ ಆ ಕೈಗಳನ್ನು ಬಿಡಿಸಿದಳು. "ಬ್ಯಾಡ ಯಪ್ಪಾ, ಕೈ ಮುಗೀಬೇಕಾದಾಕಿ ನಾನು. ನನ್ನ ಕೈಯಾಗ ಸಾಯಬೇಕಾಗಿದ್ದ ಕೂಸು ನನ್ನ ಮಗ್ಗಲದಾಗ ಕುಂತು ಉಂಡು ಬದುಕೇತಿ. ನನ್ನ ಕೈಗೆ ಪಾಪ ಹತ್ತದಂಗ ಉಳಿಸ್ಯಾಳಪ್ಪಾ ನಿನ್ನ ಮಗಳು."