ಕಣಜದ ಹಿಂದಿನ ಮೂಲಿ

ಗೌಂಡಿ ಶಂಕರೆಪ್ಪ ನೆಲ ಹಾಸುವುದರಲ್ಲಿ ಹೆಸರಾದ ಮನುಷ್ಯ. ಅವನ ಜೋಡಿ ಮನೋಳಿಯ ಮಾಳಪ್ಪ. ಹರೆಯದಿಂದಲೂ ಇಬ್ಬರೂ ಕೂಡಿಯೇ ದುಡಿದವರು. ಮಾಳಪ್ಪ ಅಳತೆ ಹಿಡಿದು ಕೂಗುವನು, ಶಂಕರೆಪ್ಪ ಲೆಕ್ಕ ಹಾಕಿ ಕಲ್ಲು ಕೊಯ್ಯುವನು.

ಆ ವರ್ಷ ಚಚಡಿಯ ಸೋಮವ್ವನ ಮನೆಯ ಕೆಲಸ ಹಿಡಿದರು. ಎರಡು ದಾರಿ ಕೂಡುವಲ್ಲಿ ಕಟ್ಟಿದ ಮನೆ, ಹಾಗಾಗಿ ಪಡಸಾಲೆಗೆ ಐದು ಮೂಲೆ. ಒಂದು ಮೂಲೆಯಲ್ಲಿ ಜೋಳ ತುಂಬಿದ ತಗಡಿನ ಕಣಜ. ಅದನ್ನು ಸರಿಸುವವರೆಗೆ ಅಲ್ಲಿ ಅಳೆಯುವಂತಿರಲಿಲ್ಲ. ಆದರೆ ಸೋಮವ್ವ ಮೆಚ್ಚಿದ ಕೆಂಪು ಗ್ರಾನೈಟ್ ಅಂಗಡಿಯಲ್ಲಿ ಉಳಿದದ್ದೇ ಒಂದು ಹಾಸುಗಲ್ಲು; ಬೇರೆಯವರು ಒಯ್ಯುವ ಮುನ್ನ ಅದನ್ನು ತಂದು, ಉಳಿದ ಕಲ್ಲುಗಳ ಜೊತೆಗೇ ಮೂಲೆಗಲ್ಲನ್ನೂ ಕೊಯ್ದಿಡಬೇಕಿತ್ತು.

"ಹೆಂಗ ಮಾಡೂದ್ರಿ ಅಣ್ಣಾ?" ಅಂದ ಮಾಳಪ್ಪ.

"ಐದು ಮೂಲಿ ಜಾಗಾ ಸೀಳಿದ್ರ ಮೂರು ತ್ರಿಕೋನಲೇ. ಒಂದೊಂದಕ್ಕ ನೂರಾ ಎಂಬತ್ತು ಡಿಗ್ರಿ, ಎಲ್ಲಾ ಕೂಡಿ ಐನೂರಾ ನಲವತ್ತು. ಉಳಿದ ನಾಕೂ ಕೂಡಿಸಿ ಅದರಾಗ ಕಳದ್ರ ಇದು ತಾನ ಸಿಗತೈತಿ. ನೀ ಅಳತಿ ಹೇಳು."

"ತೊಂಬತ್ತು, ತೊಂಬತ್ತು, ನೂರಾ ಇಪ್ಪತ್ತೆಂಟು, ನೂರಾ ಹದಿನೇಳು."

ಶಂಕರೆಪ್ಪ ಬಾಯಲ್ಲೇ ಕೂಡಿಸಿ ಕಳೆದು, "ನೂರಾ ಐದು" ಅಂದ. ಕಲ್ಲು ಕೊಯ್ದ.

ಜೋಳ ಮಾರಿ ಕಣಜ ಎತ್ತಿದ ದಿನ ಮನೆಮಂದಿಯೆಲ್ಲ ನೋಡಲು ನಿಂತರು. ಕಲ್ಲು ಒಂದು ಗೋಡೆಗೆ ಬಿಗಿಯಾಗಿ ಕೂತಿತು. ಇನ್ನೊಂದರ ಉದ್ದಕ್ಕೂ ಸಂದು ಅಗಲವಾಗುತ್ತ ಹೋಗಿ, ಕೊನೆಗೆ ಅಂಗೈ ತೂರುವಷ್ಟಾಯಿತು.

"ಇದ್ಯಾಕ್ರಿ ಹಿಂಗ?" ಅಂದಳು ಸೋಮವ್ವ.

ಶಂಕರೆಪ್ಪನ ಮುಖ ಬಿಸಿಯಾಯಿತು. ನಾಲಿಗೆ ತಾನೇ ಹರಿಯಿತು: "ಈ ಮಾಳ್ಯಾ ಅಳತಿ ತಪ್ಪ ಹೇಳ್ಯಾನ್ರೀ ಅವ್ವಾರ. ಕಣ್ಣು ಎಲ್ಲಿರತಾವೋ ಇವನವು!"

ಮಾಳಪ್ಪ ಅವನ ಮುಖವನ್ನೇ ನೋಡಿದ. ಕೈಯ ಕರಣಿ ಕೆಳಗಿಟ್ಟು, ಟವೆಲ್ ಹೆಗಲಿಗೆ ಹಾಕಿ ಹೊರಟುಹೋದ.

ಮಂದಿ ಚದುರಿದ ಮೇಲೆ ಶಂಕರೆಪ್ಪ ಆ ನಾಲ್ಕು ಮೂಲೆಗಳನ್ನು ಮತ್ತೆ ಅಳೆದ. ತೊಂಬತ್ತು, ತೊಂಬತ್ತು, ನೂರಾ ಇಪ್ಪತ್ತೆಂಟು, ನೂರಾ ಹದಿನೇಳು. ಬೆರಳು ಮಡಚಿ ಕೂಡಿಸಿದ: ನಾನೂರಾ ಇಪ್ಪತ್ತೈದು. ಅವತ್ತು ಒಂದು ಹತ್ತನ್ನು ಎರಡು ಸಲ ಹಿಡಿದು ನಾನೂರಾ ಮೂವತ್ತೈದು ಮಾಡಿದ್ದ. ಕಣಜದ ಹಿಂದಿನ ಮೂಲೆ ನೂರಾ ಹದಿನೈದು. ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದ, ಅದೂ ಹೌದಂದಿತು.

ಅವನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ವಿಚಾರ ತಲೆಗೆ ಬಂದದ್ದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. 

ಮರುದಿನ ಮನೋಳಿಗೆ ಹೋದ. ಮಾಳಪ್ಪನ ಹೆಂಡತಿ ಕೆಂಚವ್ವ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಮಾಳಪ್ಪ ಬಂದು ಕಂಬಕ್ಕೆ ಆತು ನಿಂತ.

"ನನ್ನ ಲೆಕ್ಕ ತಪ್ಪಿತ್ತೋ ತಮ್ಮಾ. ನಿನ್ನ ಅಳತಿ ಬರೋಬರಿ ಇತ್ತು."

"ಬೈದದ್ದು ಅವರ ಮುಂದ. ಹೇಳೂದು ಇಲ್ಲಿ ಬಂದು ಹೇಳತೀರೇನ್ರಿ?"

ಶಂಕರೆಪ್ಪ ಚಹಾದ ಬಟ್ಟಲು ಕೆಳಗಿಟ್ಟು ಎದ್ದ. ಅಲ್ಲಿಂದ ನೆಟ್ಟಗೆ ಚಚಡಿಗೆ ಹೋಗಿ, ಮನೆಯ ಹಿರಿಯರನ್ನೂ ಕಿರಿಯರನ್ನೂ ಕರೆಸಿ ನಿಂತುಕೊಂಡೇ ಹೇಳಿದ: "ತಪ್ಪು ನಂದ್ರಿ. ಅವಂದಲ್ಲ."  ಸೋಮವ್ವ, "ಹೋಗ್ಲಿ ಬಿಡ್ರಿ, ಎಲ್ಲಾರ ಕೈಲೂ ಆಗತೈತಿ" ಅಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಂದಿಗೆ ಕರಿಕಲ್ಲಿನ ತುಂಡು ಕೊಯ್ದು ಕೂಡಿಸಿ, ಕೆಲಸ ಒಬ್ಬನೇ ಮುಗಿಸಿದ.

ಸುದ್ದಿ ಮನೋಳಿಗೆ ಮುಟ್ಟಿತು. ಸ್ವಲ್ಪ ದಿನದ ಮೇಲೆ ಮಾಳಪ್ಪ ಕೆಲಸಕ್ಕೆ ಬಂದ. ಜಗಳದ ಮಾತು ಎತ್ತಲಿಲ್ಲ. ಎಲೆ ಅಡಿಕೆಯನ್ನೂ ಹಂಚಿಕೊಂಡ. ಆದರೆ ಅಂದಿನಿಂದ ಯಾವ ಅಳತೆಯನ್ನೂ ಕೂಗಿ ಹೇಳುವುದಿಲ್ಲ. ಪಟ್ಟಿಯನ್ನು ಗೋಡೆಗೆ ಹಿಡಿದು ಕೂತು ಕರೆಯುತ್ತಾನೆ: "ನೀವ ಬಂದು ನೋಡ್ರಿ."

ಶಂಕರೆಪ್ಪ ಮೊಣಕಾಲೂರಿ ಬಗ್ಗಿ ನೋಡುತ್ತಾನೆ.